ಫ್ಯಾನ್ ಬೇರಿಂಗಿನಿಂದ ಒಂದು ಪ್ಯಾನಿಂಗ್ ಹೆಡ್

ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ ರೇಸ್ ಟ್ರ್ಯಾಕಿನಲ್ಲಿ ಮೊದಲ ಸಲ ತೆಗೆದ ಕಾರುಗಳ ಫೋಟೋಗಳನ್ನು ಮನೆಯ ಟಿವಿಗೆ ಹಾಕಿ ತೋರಿಸುತ್ತಿದ್ದೆ. ಅಮ್ಮ ನಾಲ್ಕೈದು ನೋಡಿ, "ಪಾಪ, ಎಲ್ಲಾ ಕೆಟ್ಟು ನಿಂತಿವೆಯಲ್ಲೋ" ಎಂದರು. ಅಷ್ಟೂ ಕಾರುಗಳು ಓಡುತ್ತಿದ್ದವು. ವೇಗ 150 ಕಿ.ಮೀ. ಆಸುಪಾಸು ಇದ್ದಿರಬೇಕು.

ತಪ್ಪು ನನ್ನದೇ. ಶಟರ್ ಬರೀ 1/2000 ಸೆಕೆಂಡ್ ತೆರೆದಿರುವ ಹಾಗೆ ಇಟ್ಟು ಎಲ್ಲವನ್ನೂ ತೆಗೆದಿದ್ದೆ. ಆಮೇಲೆ ಲೆಕ್ಕ ಹಾಕಿದೆ. ಟೈರಿನ ಸುತ್ತಳತೆ 1.8 ಮೀಟರ್ ಅಂತ ಇಟ್ಟುಕೊಂಡರೆ, 150ರಲ್ಲಿ ಚಕ್ರ ಸೆಕೆಂಡಿಗೆ 23 ಸುತ್ತು ತಿರುಗುತ್ತದೆ. 1/2000ರಲ್ಲಿ ಅದು ತಿರುಗುವುದು ಬರೀ 4 ಡಿಗ್ರಿ. ಕಣ್ಣಿಗೆ ನಿಂತ ಚಕ್ರವೇ. 1/60ರಲ್ಲಾದರೆ 140 ಡಿಗ್ರಿ, ಅಂದರೆ ಕಡ್ಡಿಗಳೆಲ್ಲ ಕಲಸಿ ಒಂದು ತಟ್ಟೆಯ ಹಾಗೆ ಕಾಣುತ್ತವೆ. ಅದೇ ನನಗೆ ಬೇಕಿದ್ದದ್ದು.

ಶಟರ್ ನಿಧಾನ ಮಾಡಿ, ಕಾರಿನ ಜೊತೆಗೇ ಕ್ಯಾಮೆರಾ ತಿರುಗಿಸಿದರೆ ಕಾರು ನಿಲ್ಲುತ್ತದೆ, ಹಿನ್ನೆಲೆ ಓಡುತ್ತದೆ. ಪ್ಯಾನಿಂಗ್ ಅಂದರೆ ಇಷ್ಟೇ. ಕೈಯಲ್ಲಿ ಹಿಡಿದು ಮಾಡಿದಾಗ 1/250ರಲ್ಲಿ ಪರವಾಗಿಲ್ಲ ಅನ್ನುವಂಥವು ಬಂದವು. 1/60ಕ್ಕೆ ಇಳಿಸಿದರೆ ಕಾರೂ ಹಿನ್ನೆಲೆಯ ಜೊತೆ ಕೊಚ್ಚಿಹೋಗುತ್ತಿತ್ತು. ಟ್ರೈಪಾಡ್ ಮೇಲೆ ಕ್ಯಾಮೆರಾ ಕೂತು ತಿರುಗುವ ಭಾಗಕ್ಕೆ ಹೆಡ್ ಅನ್ನುತ್ತಾರೆ. ಒಳಗಿನ ದಪ್ಪ ದ್ರವದಿಂದ ನಯವಾಗಿ ತಿರುಗುವ ಒಳ್ಳೆಯ ಫ್ಲೂಯಿಡ್ ಹೆಡ್ ಕೊಳ್ಳೋಣ ಅಂತ ಬೆಲೆ ನೋಡಿ ಸುಮ್ಮನಾದೆ. ಅಟ್ಟದ ಮೇಲೆ ಒಂದು ಸುಟ್ಟುಹೋದ ಸೀಲಿಂಗ್ ಫ್ಯಾನ್ ಬಿದ್ದಿತ್ತು. ಅದನ್ನು ಬಿಚ್ಚಿದ ದಿನದಿಂದ ಈ ಕತೆ ಶುರು.

ಫ್ಯಾನಿನೊಳಗೆ ಸಿಕ್ಕಿದ್ದು ಎರಡು 6202 ಬೇರಿಂಗ್. ಒಳಗಿನ ತೂತು 15 ಮಿ.ಮೀ., ಹೊರ ಅಳತೆ 35, ದಪ್ಪ 11. ಎರಡೂ ಕಿರ್ ಅನ್ನುತ್ತಿದ್ದವು. ಅಂಗಡಿಯಿಂದ ಅದೇ ನಂಬರಿನ ಹೊಸ ಜೋಡಿ ತಂದೆ. ಒಂದೇ ಬೇರಿಂಗ್ ಸಾಕಲ್ವಾ ಅಂತ ನಿಮಗೆ ಅನ್ನಿಸಬಹುದು. ಸಾಲದು. ಒಂದೇ ಇದ್ದರೆ ಮೇಲಿನ ಭಾಗ ಕೂದಲೆಳೆಯಷ್ಟು ಅತ್ತಿತ್ತ ತೂಗುತ್ತದೆ, ಉದ್ದ ಲೆನ್ಸ್ ಹಾಕಿದಾಗ ಆ ತೂಗಾಟ ಫೋಟೋದಲ್ಲಿ ಕಾಣುತ್ತದೆ. ಎರಡನ್ನೂ 30 ಮಿ.ಮೀ. ಅಂತರದಲ್ಲಿ ಒಂದರ ಮೇಲೊಂದು ಇಟ್ಟೆ.

ಪೀಣ್ಯದ ಒಂದು ಲೇತ್ ಶೆಡ್ಡಿನಲ್ಲಿ ಅಲ್ಯೂಮಿನಿಯಂ ಗೂಡು ಕೊರೆಸಿದೆ. ಹೊರ ವ್ಯಾಸ 50 ಮಿ.ಮೀ. ನಡುವೆ 15 ಮಿ.ಮೀ. ಉಕ್ಕಿನ ಶಾಫ್ಟು. ಡ್ರಾಯಿಂಗಿನಲ್ಲಿ ಬೇರಿಂಗ್ ಕೂರುವ ಜಾಗಕ್ಕೆ ನಾನು 35.2 ಅಂತ ಬರೆದಿದ್ದೆ. "ಸರ್, ಲೂಸ್ ಆಗುತ್ತೆ" ಎಂದು ಲೇತ್‌ನವರು ಹೇಳಿದ್ದರು. ಸುಲಭವಾಗಿ ಒಳಗೆ ಹೋಗಲಿ ಬಿಡಿ ಎಂದು ನಾನೇ ಹಟ ಮಾಡಿದೆ. ಸುಲಭವಾಗಿ ಒಳಗೆ ಹೋಯಿತು, ಅಷ್ಟೇ ಸುಲಭವಾಗಿ ಗೂಡಿನೊಳಗೆ ಜಾರತೊಡಗಿತು. ಕೊನೆಗೆ ಬೇರಿಂಗ್ ಕೂರಿಸುವ ಅಂಟು ಹಾಕಿ ಒಂದು ರಾತ್ರಿ ಒಣಗಿಸಿದೆ. ಈಗಲೂ ಹಾಗೇ ಇದೆ.

ಸ್ಕ್ರೂ ಥ್ರೆಡ್ ವಿಷಯ ನಾನು ಹೆದರಿದಷ್ಟು ಕಷ್ಟ ಇರಲಿಲ್ಲ. ಕ್ಯಾಮೆರಾದ ಕೆಳಗಿರುವುದು ಕಾಲು ಇಂಚು, ಇಂಚಿಗೆ 20 ಹಲ್ಲು. ದೊಡ್ಡ ಟ್ರೈಪಾಡ್ ಕಾಲುಗಳ ಮೇಲಿರುವುದು 3/8 ಇಂಚು, ಇಂಚಿಗೆ 16. ನಮ್ಮ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ, ಹಳೆ ಬ್ರಿಟಿಷ್ ಅಳತೆಯ ವಿಟ್‌ವರ್ಥ್ ಬೋಲ್ಟಿನದೂ ಅದೇ ಲೆಕ್ಕ. ಹಲ್ಲಿನ ಕೋನ ಮಾತ್ರ 60ರ ಬದಲು 55 ಡಿಗ್ರಿ, ಈ ಕೆಲಸಕ್ಕೆ ಅದು ಅಡ್ಡಿಯಿಲ್ಲ. ಕೌಂಟರಿನಲ್ಲಿ ಇಂಚು ಗಿಂಚು ಅನ್ನಬೇಡಿ. ಅಲ್ಲಿ ನಡೆಯುವುದು ಸೂತು, ಅಂದರೆ ಇಂಚಿನ ಎಂಟನೇ ಒಂದು ಭಾಗ. "ಎರಡು ಸೂತಿನದು ಒಂದು, ಮೂರು ಸೂತಿನದು ಒಂದು" ಎಂದರೆ ತಕ್ಷಣ ಕೈಗೆ ಬರುತ್ತದೆ.

ಜೋಡಿಸಿ ಬೆರಳಲ್ಲಿ ತಳ್ಳಿದೆ. ಬುಗುರಿಯ ಹಾಗೆ ತಿರುಗಿತು. ಕ್ಯಾಮೆರಾ ಹಾಕಿದರೂ ಅಷ್ಟೇ ನುಣುಪು. ಇನ್ನೇನು, ಗೆದ್ದೆ ಅಂದುಕೊಂಡೆ.

ಟ್ರ್ಯಾಕಿಗೆ ಹೋಗುವ ಮುಂಚೆ ಪರೀಕ್ಷೆ ಮಾಡಬೇಕಲ್ಲ. ಪ್ಯಾನಿಂಗಿನಲ್ಲಿ ಮುಖ್ಯ ಆಗುವುದು ಕಾರಿನ ವೇಗ ಒಂದೇ ಅಲ್ಲ, ವೇಗವನ್ನು ದೂರದಿಂದ ಭಾಗಿಸಿದರೆ ಬರುವ ಸಂಖ್ಯೆ. 30 ಮೀಟರ್ ದೂರದಲ್ಲಿ 150ರಲ್ಲಿ ಹೋಗುವ ಕಾರಿಗೆ ಅದು 5. 8 ಮೀಟರ್ ದೂರದಲ್ಲಿ 40ರಲ್ಲಿ ಹೋಗುವ ಸ್ಕೂಟರಿಗೂ 5. ಎರಡಕ್ಕೂ ಕ್ಯಾಮೆರಾ ಸೆಕೆಂಡಿಗೆ ಸುಮಾರು 80 ಡಿಗ್ರಿ ವೇಗದಲ್ಲಿ ತಿರುಗಬೇಕು. ಹಾಗಾಗಿ ಮನೆ ಹತ್ತಿರದ ಮುಖ್ಯ ರಸ್ತೆಯ ಫುಟ್‌ಪಾತ್ ಮೇಲೆ ಟ್ರೈಪಾಡ್ ನಿಲ್ಲಿಸಿದೆ. ಒಂದು ತೊಂದರೆ ನಾನು ಯೋಚಿಸಿಯೇ ಇರಲಿಲ್ಲ. ಟ್ರೈಪಾಡ್ ಮೇಲೆ ಉದ್ದ ಲೆನ್ಸ್ ಕಂಡರೆ ಬೆಂಗಳೂರಿನವರು ಏನು ತಿಳಿಯುತ್ತಾರೆ? ಟ್ರಾಫಿಕ್ ಪೊಲೀಸರ ಕ್ಯಾಮೆರಾ ಅಂತ. 40ರಲ್ಲಿ ಬರುತ್ತಿದ್ದವರು ನನ್ನ ಮುಂದೆ 20ಕ್ಕೆ ಇಳಿಯುತ್ತಿದ್ದರು. ಒಬ್ಬರು ಗಾಡಿ ನಿಲ್ಲಿಸಿ ಹೆಲ್ಮೆಟ್ ಹಾಕಿಕೊಂಡು ಹೋದರು.

ಹೇಗೋ ನೂರಿನ್ನೂರು ಫೋಟೋ ತೆಗೆದು ನೋಡಿದರೆ, ಕೈಯಲ್ಲಿ ಹಿಡಿದು ತೆಗೆದದ್ದಕ್ಕಿಂತ ಕೆಟ್ಟದಾಗಿದ್ದವು! ನಂಬಲಿಕ್ಕೆ ಆಗಲಿಲ್ಲ.

ಕಾರಣ ಹೊಳೆಯಲು ಎರಡು ದಿನ ಬೇಕಾಯಿತು. ನನ್ನ ಬೇರಿಂಗ್ ಜಾಸ್ತಿ ನುಣುಪಾಗಿತ್ತು. ಎಲ್ಲರ ಕೈಯೂ ಸೆಕೆಂಡಿಗೆ ಹತ್ತು ಸಲದ ಆಸುಪಾಸು ಸಣ್ಣಗೆ ನಡುಗುತ್ತಿರುತ್ತದೆ. ಏನೂ ತಡೆ ಇಲ್ಲದ ಹೆಡ್ ಆ ನಡುಕವನ್ನು ಹಾಗೇ ಕ್ಯಾಮೆರಾಕ್ಕೆ ದಾಟಿಸುತ್ತದೆ. ನನ್ನ ಕ್ಯಾಮೆರಾದ ಸೆನ್ಸರ್ ಎಪಿಎಸ್-ಸಿ ಅನ್ನುವ ಅಳತೆಯದು, ಫೋಟೋದ ಅಗಲ 6000 ಪಿಕ್ಸೆಲ್. 135 ಮಿ.ಮೀ. ಲೆನ್ಸಿನಲ್ಲಿ, 1/60ರಲ್ಲಿ, ಹಿನ್ನೆಲೆ ಸುಮಾರು 800 ಪಿಕ್ಸೆಲ್ ಉದ್ದಕ್ಕೆ ಎಳೆಯುತ್ತದೆ. ಅದು ಬೇಕಾದದ್ದೇ. ಆದರೆ ನಾನು ತಿರುಗಿಸುವ ವೇಗ ಕಾರಿಗಿಂತ ನೂರಕ್ಕೆ ಒಂದರಷ್ಟು ತಪ್ಪಿದರೂ ಕಾರು 8 ಪಿಕ್ಸೆಲ್ ಎಳೆಯುತ್ತದೆ. ಐದು ತಪ್ಪಿದರೆ 40. ಅಲ್ಲಿಗೆ ಮುಗಿಯಿತು, ಹೆಲ್ಮೆಟ್ಟೂ ಇಲ್ಲ, ನಂಬರೂ ಇಲ್ಲ.

ಮೊದಲ ಮದ್ದು ತೂಕ. ಹಗ್ಗದ ಮೇಲೆ ನಡೆಯುವವರು ಉದ್ದ ಕೋಲು ಹಿಡಿಯುತ್ತಾರಲ್ಲ, ಅದೇ ಉಪಾಯ. ಅರ್ಧ ಮೀಟರ್ ಅಲ್ಯೂಮಿನಿಯಂ ಪಟ್ಟಿಯನ್ನು ಹೆಡ್ ಮೇಲೆ ಅಡ್ಡ ಹಾಕಿ, ಎರಡು ತುದಿಗೂ ಅರ್ಧರ್ಧ ಕಿಲೋ ಡಂಬೆಲ್ ಬಿಲ್ಲೆ ಬಿಗಿದೆ. ಲೆನ್ಸ್ ಸೇರಿ ಎರಡು ಕಿಲೋ ಮೀರುವ ಕ್ಯಾಮೆರಾಕ್ಕಿಂತ ಈ ಒಂದು ಕಿಲೋ ಐದಾರು ಪಟ್ಟು ಹೆಚ್ಚು ಜಡತೆ ಕೊಡುತ್ತದೆ. ಯಾಕೆಂದರೆ ಇಲ್ಲಿ ಲೆಕ್ಕಕ್ಕೆ ಬರುವುದು ನಡುವಿನಿಂದ ಇರುವ ದೂರದ ವರ್ಗ. ಬಿಲ್ಲೆಯನ್ನು ಎರಡರಷ್ಟು ದೂರ ಇಟ್ಟರೆ ಕೆಲಸ ನಾಲ್ಕರಷ್ಟು. ನಡುಕ ಮಾಯ ಆಯಿತು. ಆದರೆ ಈಗ ಕಾರನ್ನು ಹಿಡಿಯಲು ಆಗುತ್ತಿರಲಿಲ್ಲ!

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕಾರು ಒಂದೇ ವೇಗದಲ್ಲಿ ಬರುತ್ತಿದ್ದರೂ ನಾವು ತಿರುಗಬೇಕಾದ ವೇಗ ಒಂದೇ ಅಲ್ಲ. ದೂರದಲ್ಲಿದ್ದಾಗ ನಿಧಾನ, ಎದುರಿಗೆ ಬಂದಾಗ ಗರಿಷ್ಠ. 45 ಡಿಗ್ರಿ ಓರೆಯಲ್ಲಿ ಇದ್ದಾಗ ಬೇಕಾದದ್ದು ಎದುರಿಗೆ ಬಂದಾಗಿನ ವೇಗದ ಅರ್ಧ. 30 ಮೀಟರ್ ದೂರದಲ್ಲಿ ನಿಂತರೆ, ಆ ಅರ್ಧದಿಂದ ಪೂರ್ತಿಗೆ ಏರಲು ಸಿಗುವುದು ಮುಕ್ಕಾಲು ಸೆಕೆಂಡು. ಭಾರದ ಪಟ್ಟಿ ಅಷ್ಟು ಬೇಗ ಮಾತು ಕೇಳುವುದಿಲ್ಲ, ಎತ್ತಿನ ಗಾಡಿಯ ಹಾಗೆ.

ಆದರೆ ಇದೇ ಲೆಕ್ಕದೊಳಗೆ ಒಂದು ಖುಷಿಯ ಸಂಗತಿ ಇದೆ. ಕಾರು ಸರಿಯಾಗಿ ಎದುರಿಗೆ ಬಂದ ಗಳಿಗೆಯಲ್ಲಿ ತಿರುಗುವ ವೇಗ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಉಯ್ಯಾಲೆ ತುದಿಯಲ್ಲಿ ಒಂದು ಕ್ಷಣ ನಿಲ್ಲುತ್ತದಲ್ಲ, ವೇಗದ ಏರಿಳಿತ ಇಲ್ಲಿ ಹಾಗೆ ನಿಲ್ಲುತ್ತದೆ. ಎದುರಿನಿಂದ ಆಚೆಗೆ 10, ಈಚೆಗೆ 10 ಡಿಗ್ರಿಯೊಳಗೆ ವ್ಯತ್ಯಾಸ ನೂರಕ್ಕೆ ಮೂರೇ. ಅದಕ್ಕೆ ಸಿಗುವ ಸಮಯ ಕಾಲು ಸೆಕೆಂಡು. ನನ್ನ ಕ್ಯಾಮೆರಾ ಅಷ್ಟರಲ್ಲಿ ಎರಡು ಫ್ರೇಮ್ ತೆಗೆಯುತ್ತದೆ. ಮೊದಲು ನಾನು ದೂರದಿಂದಲೇ ಬಟನ್ ಒತ್ತಿ ಹಿಡಿದು ಇಪ್ಪತ್ತು ಫ್ರೇಮ್ ಸುರಿಯುತ್ತಿದ್ದೆ. ಅದರಲ್ಲಿ ಹದಿನೆಂಟು ಕಸ ಆಗಲೇಬೇಕಿತ್ತು.

ಸರಿ, ಬಿಲ್ಲೆಗಳನ್ನು ಅರ್ಧಕ್ಕೆ ಇಳಿಸಿ, ಸ್ವಲ್ಪ ಬ್ರೇಕ್ ಸೇರಿಸೋಣ ಎಂದುಕೊಂಡೆ. ಕುರ್ಚಿಯ ಕಾಲಿಗೆ ಅಂಟಿಸುವ ಉಣ್ಣೆಯ ಬಿಲ್ಲೆ ತಂದು ಗೂಡಿನ ಕೆಳಗೆ ಒತ್ತಿದೆ. ಇದು ಬೇಡವೇ ಬೇಡ. ಒಣ ತಿಕ್ಕಾಟ ನಿಂತಾಗ ಜಾಸ್ತಿ, ಓಡುವಾಗ ಕಡಿಮೆ. ಹಾಗಾಗಿ ಹೆಡ್ ಮೊದಲು ಅಂಟಿಕೊಳ್ಳುತ್ತದೆ, ಆಮೇಲೆ ಗಕ್ಕನೆ ಬಿಡುತ್ತದೆ. ಬಾಗಿಲು ಕಿರುಗುಟ್ಟುವುದೂ ಇದೇ ಕಾರಣಕ್ಕೆ.

ಬೇಕಾದದ್ದು ಜೇನಿನಂಥ ತಡೆ. ನಿಧಾನಕ್ಕೆ ತಿರುಗಿಸಿದರೆ ಕಡಿಮೆ, ಜೋರಾಗಿ ತಿರುಗಿಸಿದರೆ ಹೆಚ್ಚು, ನಿಂತಾಗ ಏನೂ ಇಲ್ಲ. ಫ್ಲೂಯಿಡ್ ಹೆಡ್‌ಗೆ ಯಾಕೆ ಅಷ್ಟು ದುಡ್ಡು ಕೇಳುತ್ತಾರೆ ಎಂದು ಆಗ ಅರ್ಥವಾಯಿತು. ಮತ್ತೆ ಪೀಣ್ಯಕ್ಕೆ ಹೋಗಿ, ಒಳ ವ್ಯಾಸ 51 ಮಿ.ಮೀ. ಇರುವ ಒಂದು ಲೋಟ ಮಾಡಿಸಿದೆ. ಈ ಸಲ ಲೇತ್‌ನವರ ಮಾತು ಕೇಳಿದೆ. ಲೋಟ ಕೆಳಗೆ ಶಾಫ್ಟಿಗೆ ಬಿಗಿಯಾಗಿ ಕೂರುತ್ತದೆ. 50 ಮಿ.ಮೀ. ಗೂಡು ಅದರೊಳಗೆ 30 ಮಿ.ಮೀ. ಇಳಿದು ತಿರುಗುತ್ತದೆ. ಸುತ್ತಲೂ ಅರ್ಧ ಮಿ.ಮೀ. ಸಂದು. ಆ ಸಂದಿನಲ್ಲಿ ಗ್ರೀಸ್. ಪಕ್ಕದ ಗ್ಯಾರೇಜಿನಲ್ಲಿ ಒಂದು ಮುಷ್ಟಿ ಕೊಟ್ಟರು, ದುಡ್ಡು ತೆಗೆದುಕೊಳ್ಳಲಿಲ್ಲ.

ಇನ್ನೂ ಒಂದು ಪಾಠ ಬಾಕಿ ಇತ್ತು. ಈಗ ಸ್ಕೂಟರುಗಳು ಅಡ್ಡಕ್ಕೆ ಚೆನ್ನಾಗಿ ನಿಲ್ಲುತ್ತಿದ್ದವು, ಆದರೆ ನಂಬರ್ ಪ್ಲೇಟು ಮೇಲೆ ಕೆಳಗೆ ಎಳೆದಿರುತ್ತಿತ್ತು. ಟ್ರೈಪಾಡ್ ಒಂದು ಡಿಗ್ರಿ ವಾಲಿದ್ದರೂ, 1/60ರಲ್ಲಿ ಅದು 14 ಪಿಕ್ಸೆಲ್ ಮೇಲಕ್ಕೋ ಕೆಳಕ್ಕೋ ಎಳೆಯುತ್ತದೆ. ಗಾರೆ ಕೆಲಸದವರ ಸಣ್ಣ ರಸಮಟ್ಟ ತಂದು ಹೆಡ್ ಬುಡಕ್ಕೆ ಅಂಟಿಸಿದೆ. ರಸ್ತೆಯೇ ಇಳಿಜಾರಾಗಿದ್ದರೆ ರಸಮಟ್ಟವನ್ನು ನಂಬಬಾರದು, ರಸ್ತೆಯ ಓಟಕ್ಕೆ ತಕ್ಕಂತೆ ವಾಲಿಸಬೇಕು. ಲೆನ್ಸಿನ ಸ್ಟೆಬಿಲೈಸರನ್ನೂ ಪ್ಯಾನಿಂಗ್ ಮೋಡಿಗೆ ಹಾಕಿದೆ. ಮಾಮೂಲಿ ಮೋಡಿನಲ್ಲಿ ಅದು ನಮ್ಮ ತಿರುಗಾಟವನ್ನೇ ನಡುಕ ಅಂದುಕೊಂಡು ಎದುರು ಎಳೆಯುತ್ತದೆ.

ರಾಷ್ಟ್ರೀಯ ಚಾಂಪಿಯನ್‌ಶಿಪ್ಪಿನ ಒಂದು ವಾರಾಂತ್ಯಕ್ಕೆ ಹೊರಟೆ. ಇರುಂಗಾಟ್ಟುಕೋಟ್ಟೈ ಇರುವುದು ಶ್ರೀಪೆರಂಬದೂರಿನ ಹತ್ತಿರ. ಬೆಂಗಳೂರಿನಿಂದ ಹೋಗುವವರಿಗೆ ಚೆನ್ನೈ ಊರೊಳಗೆ ಹೊಕ್ಕುವ ಮೊದಲೇ, ಹೆದ್ದಾರಿ ಬದಿಯಲ್ಲೇ ಸಿಗುತ್ತದೆ. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಟ್ರ್ಯಾಕ್, ಸುತ್ತಳತೆ 3.7 ಕಿ.ಮೀ., 12 ತಿರುವು. ಗೇಟಿನಲ್ಲಿ ಚೀಲ ನೋಡಿದ ಕಾವಲುಗಾರ ಲೋಟ, ಗ್ರೀಸು, ಡಂಬೆಲ್ ಬಿಲ್ಲೆ ಎಲ್ಲಾ ಹೊರಗೆ ಇಟ್ಟು "ಇದು ಎನ್ನ ಸಾರ್?" ಎಂದರು. ಕ್ಯಾಮೆರಾ ಸ್ಟ್ಯಾಂಡ್ ಎಂದೆ. ನಂಬಿದ ಹಾಗೆ ಕಾಣಲಿಲ್ಲ, ಆದರೂ ಬಿಟ್ಟರು.

ಶನಿವಾರ ಬೆಳಿಗ್ಗೆ ಮೊದಲ ಅರ್ಧ ಗಂಟೆ ಹಾಳು. ಕಾರು ಸರಿ ಬರುತ್ತಿತ್ತು, ಆದರೆ ಹಿಂದಿನ ಕಂಬಗಳೆಲ್ಲ ಬಿರುಗಾಳಿಗೆ ಸಿಕ್ಕಂತೆ ಓರೆಯಾಗಿ ವಾಲಿದ್ದವು. ಹಿಂದಿನ ವಾರ ಒಂದು ಮದುವೆಯಲ್ಲಿ ಸೈಲೆಂಟ್ ಶಟರ್ ಹಾಕಿದ್ದೆ, ತೆಗೆಯಲು ಮರೆತಿದ್ದೆ. ಆ ಮೋಡಿನಲ್ಲಿ ಸೆನ್ಸರ್ ಚಿತ್ರವನ್ನು ಒಂದೇ ಸಲ ಓದುವುದಿಲ್ಲ, ಸಾಲು ಸಾಲಾಗಿ ಓದುತ್ತದೆ. ಅಷ್ಟರಲ್ಲಿ ಕ್ಯಾಮೆರಾ ತಿರುಗಿರುತ್ತದೆ, ಕಂಬ ಓರೆಯಾಗುತ್ತದೆ. ಇದು ಹೊಸದೇನಲ್ಲ. ನೂರು ವರ್ಷಕ್ಕೂ ಹಿಂದೆ ಫ್ರಾನ್ಸಿನ ಜಾಕ್ ಹೆನ್ರಿ ಲಾರ್ತಿಗ್ ತೆಗೆದ ರೇಸ್ ಕಾರಿನ ಚಿತ್ರದಲ್ಲಿ ಚಕ್ರ ಮೊಟ್ಟೆಯಾಕಾರದಲ್ಲಿ ಮುಂದಕ್ಕೆ ಬಾಗಿದೆ, ನೋಡುತ್ತಾ ನಿಂತ ಜನ ಹಿಂದಕ್ಕೆ ವಾಲಿದ್ದಾರೆ. ಅವರ ಕ್ಯಾಮೆರಾದ ಶಟರು ಒಂದು ಸೀಳಾಗಿ ನಿಧಾನಕ್ಕೆ ಚಲಿಸುತ್ತಿತ್ತು, ಅವರು ಕ್ಯಾಮೆರಾ ತಿರುಗಿಸಿದ್ದು ಕಾರಿಗಿಂತ ನಿಧಾನವಾಗಿ. ಆ ತಪ್ಪೇ ಆ ಚಿತ್ರದ ಜೀವ. ನನ್ನ ಕಂಬಗಳಿಗೆ ಆ ಭಾಗ್ಯ ಇರಲಿಲ್ಲ, ಅಳಿಸಿಹಾಕಿದೆ.

ಬೆಳಕು ಇನ್ನೊಂದು ತಲೆನೋವು. ಆ ಬಿಸಿಲಿನಲ್ಲಿ ಐಎಸ್‌ಒ (ಸೆನ್ಸರ್ ಬೆಳಕಿಗೆ ಸ್ಪಂದಿಸುವ ಮಟ್ಟ) 100 ಇಟ್ಟು 1/30 ಬೇಕೆಂದರೆ ಅಪರ್ಚರ್, ಅಂದರೆ ಲೆನ್ಸಿನೊಳಗಿನ ಕಿಂಡಿ, ಎಫ್/22ಕ್ಕಿಂತಲೂ ಕಿರಿದಾಗಬೇಕು. ಆಗ ಚಿತ್ರ ಮೆತ್ತಗಾಗುತ್ತದೆ, ಸೆನ್ಸರ್ ಮೇಲಿನ ಧೂಳೂ ಕಾಣುತ್ತದೆ. ಪ್ಯಾನಿಂಗಿನಲ್ಲಿ ಧೂಳು ಇನ್ನೂ ಎದ್ದು ಕಾಣುತ್ತದೆ. ಇಡೀ ಹಿನ್ನೆಲೆ ರೇಷ್ಮೆಯ ಹಾಗೆ ಎಳೆದಿರುವಾಗ ಧೂಳಿನ ಚುಕ್ಕೆ ಮಾತ್ರ ಅಲುಗದೆ ಕೂತಿರುತ್ತದೆ. ಎನ್‌ಡಿ8 ಅನ್ನುವ ಕಪ್ಪು ಫಿಲ್ಟರ್ ಹಾಕಿ ಬೆಳಕನ್ನು ಮೂರು ಸ್ಟಾಪ್, ಅಂದರೆ ಎಂಟನೇ ಒಂದು ಭಾಗಕ್ಕೆ, ಇಳಿಸಿದೆ, ಎಫ್/10ರ ಹತ್ತಿರ ಬಂತು.

ಬೇಲಿಯ ಬಗ್ಗೆ ಮಾತ್ರ ಸುಮ್ನೆ ಚಿಂತೆ ಮಾಡಿದ್ದೆ. ಪ್ರೇಕ್ಷಕರ ಜಾಗದಲ್ಲಿ ಎದುರಿಗೆ ತಂತಿ ಬಲೆ ಇರುತ್ತದೆ. ವೇಗದ ಶಟರಿನಲ್ಲಿ ಅದು ಚಿತ್ರದ ಮೇಲೆ ಬೂದು ಚೌಕಗಳಾಗಿ ಕೂರುತ್ತಿತ್ತು. 1/60ರಲ್ಲಿ ಬಲೆಯೂ ಎಳೆದು ಕರಗಿಹೋಗುತ್ತದೆ, ಬರೀ ತೆಳು ಮಂಜಿನಂಥ ಪೊರೆ ಉಳಿಯುತ್ತದೆ. ಬಲೆಯ ಮೇಲೆ ಬಿಸಿಲು ಬೀಳದ ಕಡೆ ನಿಂತರೆ ಆ ಪೊರೆಯೂ ಇಲ್ಲ.

ಗ್ರೀಸಿನ ಹೆಡ್ ಬೆಳಿಗ್ಗೆ ಚಿನ್ನದಂಥ ಕೆಲಸ ಮಾಡಿತು. ಎಲ್‌ಜಿಬಿ ಫಾರ್ಮುಲಾ 4 ಕಾರುಗಳು ಬರುತ್ತಿದ್ದವು. ಮಾರುತಿ ಎಂಜಿನ್ನಿನ ಸಣ್ಣ, ತೆರೆದ ಚಕ್ರದ ಕಾರುಗಳು. ಪ್ಯಾನಿಂಗಿಗೆ ಇವೇ ಚೆಂದ, ತಿರುಗುವ ನಾಲ್ಕೂ ಚಕ್ರ ಹೊರಗೇ ಕಾಣುತ್ತವೆ. 1/125ರಲ್ಲಿ ಹತ್ತಕ್ಕೆ ನಾಲ್ಕು ಸರಿ ಬಂದವು. 1/60ರಲ್ಲಿ ಐದಕ್ಕೆ ಒಂದು. 1/30ರಲ್ಲಿ ಇಪ್ಪತ್ತಕ್ಕೆ ಒಂದು. 1/15ರಲ್ಲಿ ತೊಂಬತ್ತು ತೆಗೆದು ಎರಡು ಇಟ್ಟುಕೊಂಡೆ.

ಆ ಎರಡರ ಬಗ್ಗೆ ಹೇಳಲೇಬೇಕು. ಒಂದರಲ್ಲಿ ಹಳದಿ ಕಾರು, ಹೆಲ್ಮೆಟ್ ಮಾತ್ರ ಸ್ಪಷ್ಟ. ಮೂತಿ, ಹಿಂದಿನ ರೆಕ್ಕೆ ಎರಡೂ ಕರಗಿವೆ. ಟ್ರ್ಯಾಕ್ ಅಂಚಿನ ಕೆಂಪು ಬಿಳಿ ಪಟ್ಟೆ ಒಂದೇ ಗುಲಾಬಿ ಗೆರೆಯಾಗಿದೆ. ಹಿಂದಿನ ಜಾಹೀರಾತು ಬೋರ್ಡುಗಳು ಕೈಮಗ್ಗದ ಸೀರೆಯ ಅಂಚಿನ ಹಾಗೆ ಬಣ್ಣ ಬಣ್ಣದ ಪಟ್ಟಿಗಳಾಗಿವೆ. ಹಿನ್ನೆಲೆ ಹೇಗಿದ್ದರೂ ಅಳಿಸಿಹೋಗುತ್ತದೆ, ಹಾಗಾಗಿ ಎಲ್ಲಿ ನಿಂತರೂ ಒಂದೇ ಅಂತ ನಾನು ಅಂದುಕೊಂಡಿದ್ದೆ. ಉಲ್ಟಾ. ಆಕಾರ ಅಳಿಸುತ್ತದೆ, ಬಣ್ಣ ಉಳಿಯುತ್ತದೆ. ಬಿಳಿ ಆಕಾಶದ ಮುಂದೆ ಪ್ಯಾನ್ ಮಾಡಿದರೆ ಎಷ್ಟು ಎಳೆದರೂ ಬಿಳಿಯೇ, ಕಾರು ಮತ್ತೆ ನಿಂತ ಹಾಗೇ. ಮಧ್ಯಾಹ್ನ ಕ್ಯಾಮೆರಾ ಬಿಟ್ಟು ಬರೀ ಕೈಯಲ್ಲಿ ಸುತ್ತಾಡಿ ಬಣ್ಣದ ಬೋರ್ಡುಗಳು, ಕಪ್ಪು ಮರದ ಸಾಲು ಎಲ್ಲಿವೆ ಎಂದು ನೋಡಿಕೊಂಡೆ. ಆ ಅರ್ಧ ಗಂಟೆ ಬೇರಿಂಗಿಗಿಂತ ಜಾಸ್ತಿ ಉಪಕಾರ ಮಾಡಿತು.

ಎರಡನೆಯದು ಹೆಡ್ ಬಳಸದೇ ತೆಗೆದದ್ದು. ಕ್ಯಾಮೆರಾವನ್ನು ಅಲುಗದಂತೆ ಬಿಗಿದು, ಬೇಲಿ ಪಕ್ಕ ನಿಂತ ಇಬ್ಬರು ಹುಡುಗರ ಮೇಲೆ ಫೋಕಸ್ ಇಟ್ಟೆ. 1/15ರಲ್ಲಿ ಕಾರು ಸುಮಾರು ಮೂರು ಮೀಟರ್ ಓಡುತ್ತದೆ. ಹುಡುಗರ ಶರ್ಟಿನ ಮಡಿಕೆ ಕೂಡ ಕಾಣುತ್ತದೆ, ಅವರ ಮುಂದೆ ಒಂದು ಕೆಂಪು ಬಳಿತ. ಅದು ಕಾರು ಎಂದು ಯಾರೂ ಹೇಳಬೇಕಿಲ್ಲ, ಒಬ್ಬ ಹುಡುಗ ಕಿವಿ ಮುಚ್ಚಿಕೊಂಡಿದ್ದಾನೆ.

ಹಳದಿ ಕಾರಿನ ಹಾಗೆ ಮೂತಿ, ರೆಕ್ಕೆ ಕರಗುವುದಕ್ಕೆ ಕಾರಣ ಕೈ ತಪ್ಪುವುದೊಂದೇ ಅಲ್ಲ. ಕಾರಿನ ನಡುಭಾಗ ಚೂಪಾಗಿ ನಿಲ್ಲುವ ಹಾಗೆ ತಿರುಗಿಸಿದಾಗ ಎರಡು ತುದಿಗಳು ಬೇರೆ ವೇಗ ಕೇಳುತ್ತವೆ. 30 ಮೀಟರ್ ದೂರದಲ್ಲಿ ಈ ವ್ಯತ್ಯಾಸ ನೂರಕ್ಕೆ ಅರ್ಧ ಕೂಡ ಇಲ್ಲ. 10 ಮೀಟರಿಗೆ ಬಂದರೆ ನೂರಕ್ಕೆ ನಾಲ್ಕು. ಹತ್ತಿರ ನಿಂತು ಅಗಲ ಲೆನ್ಸಿನಲ್ಲಿ ತೆಗೆದರೆ ಜಗತ್ತಿನ ಯಾವ ಹೆಡ್ ಹಾಕಿದರೂ ಇಡೀ ಕಾರು ಚೂಪಾಗಿ ಬರುವುದಿಲ್ಲ. ಒಂದು ಜಾಗ ಆರಿಸಿಕೊಳ್ಳಬೇಕು. ನಾನು ಹೆಲ್ಮೆಟ್ ಆರಿಸುತ್ತೇನೆ.

ಮಧ್ಯಾಹ್ನ ಎರಡು ಗಂಟೆಗೆ ಕೈಗೆ ಬದಲಾವಣೆ ಗೊತ್ತಾಯಿತು. ಹೆಡ್ ಮತ್ತೆ ಬುಗುರಿಯಾಗಿತ್ತು. ಅಲ್ಯೂಮಿನಿಯಂ ಲೋಟ ಮುಟ್ಟಲಾರದಷ್ಟು ಬಿಸಿ, ಗ್ರೀಸ್ ಸಾರಿನಂತೆ ತೆಳ್ಳಗೆ. ಒದ್ದೆ ಕರ್ಚೀಫ್ ಸುತ್ತಿದೆ. ಹತ್ತು ನಿಮಿಷ ಪರವಾಗಿಲ್ಲ, ಆಮೇಲೆ ಅದೇ. ಭಾನುವಾರದ ರೇಸುಗಳನ್ನೆಲ್ಲ ಬೆಳಿಗ್ಗೆಯೇ ಮುಗಿಸಿ, ಮಧ್ಯಾಹ್ನ ಕೈಯಲ್ಲಿ ಹಿಡಿದೇ 1/125ರಲ್ಲಿ ತೆಗೆದೆ.

ಊರಿಗೆ ಬಂದ ಮೇಲೆ ಗ್ರೀಸನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆದು, ಸಿಲಿಕೋನ್ ಎಣ್ಣೆ ಹಾಕಿದೆ. ಆಟಿಕೆ ರೇಸ್ ಕಾರುಗಳ ಡಿಫರೆನ್ಷಿಯಲ್‌ಗೆ (ಎರಡು ಚಕ್ರಗಳ ನಡುವಿನ ಗೇರಿಗೆ) ಹಾಕುವ ಎಣ್ಣೆ ಇದು, ರಿಮೋಟ್ ಕಾರ್ ಮಾರುವ ಹಾಬಿ ಅಂಗಡಿಗಳಲ್ಲಿ ಸಿಗುತ್ತದೆ. ಎಣ್ಣೆ ಎಷ್ಟು ದಪ್ಪ ಅನ್ನುವ ನಂಬರ್ ಬಾಟಲಿಯ ಮೇಲೆ ಇರುತ್ತದೆ. ನಾನು ತಂದದ್ದು 1,00,000. ಬಿಸಿಗೆ ಇದು ಗ್ರೀಸಿನಷ್ಟು ತೆಳ್ಳಗಾಗುವುದಿಲ್ಲ. ಪಟ್ಟಿಯ ತುದಿ ಹಿಡಿದು ಸೆಕೆಂಡಿಗೆ 80 ಡಿಗ್ರಿ ತಿರುಗಿಸಿದರೆ ಸುಮಾರು 300 ಗ್ರಾಂ ಎಳೆದಷ್ಟು ತಡೆ. ಹೇರ್ ಡ್ರೈಯರ್ ಹಿಡಿದು ಲೋಟ ಕಾಯಿಸಿ ನೋಡಿದೆ. ಕೈಗೆ ಅಷ್ಟೇನೂ ವ್ಯತ್ಯಾಸ ತಿಳಿಯಲಿಲ್ಲ.

ಹೋದ ವಾರ ಅದನ್ನು ಚೀಲದಲ್ಲಿ ಮಲಗಿಸಿ ಇಟ್ಟು ಮರೆತೆ. ಬೆಳಿಗ್ಗೆ ನೋಡಿದರೆ ಲೋಟದ ಅರ್ಧ ಎಣ್ಣೆ ಚೀಲದ ತಳದಲ್ಲಿತ್ತು, ಎರಡು ಲೆನ್ಸ್ ಕ್ಯಾಪ್ ಅದರಲ್ಲಿ ಈಜುತ್ತಿದ್ದವು. ಗೂಡಿಗೂ ಲೋಟಕ್ಕೂ ನಡುವೆ ಒಂದು ರಬ್ಬರ್ ರಿಂಗ್ ಹಾಕಬೇಕು, ಆದರೆ ರಬ್ಬರ್ ತಿಕ್ಕಿದರೆ ಮತ್ತೆ ಆ ಗಕ್ಕನೆ ಬಿಡುವ ರೋಗ ಬರುತ್ತದೆ. ತಿಕ್ಕದ ಹಾಗೆ ಕೂರಿಸಲು ಲೋಟದ ಬಾಯಿಗೆ ಒಂದು ಕೊಡೆಯಂಥ ಮುಚ್ಚಳ ಸಾಕು ಎಂದು ಲೇತ್‌ನವರು ಹೇಳುತ್ತಿದ್ದಾರೆ. ಅದು ಆಗುವ ತನಕ ಹೆಡ್ ಅಮ್ಮನ ಹಳೆ ಸ್ಟೀಲ್ ಡಬ್ಬಿಯಲ್ಲಿ ನೆಟ್ಟಗೆ ನಿಂತೇ ಪ್ರಯಾಣ ಮಾಡುತ್ತದೆ.